ಮನೆಗೇ ಬರುತ್ತೇನೆ

ಅಪ್ಪೆಮಿಡಿ ಉಪ್ಪಿನಕಾಯಿ ಮೂರು ಬಾಟಲಿ, ತೊಡದೇವು ಒಂದು ಡಬ್ಬಿ, ನಾಲ್ಕು ಸೀರೆ, ಮಂಡಿಗೆ ಹಚ್ಚುವ ಎಣ್ಣೆ. ಇಷ್ಟನ್ನು ಒಂದೇ ಚೀಲಕ್ಕೆ ತುರುಕಿಕೊಂಡು ಸಾಗರದ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸಿಗೆ ಕಾಯುತ್ತಿದ್ದಾಗ ಮಗ ಕೊನೆಯ ಸಲ ಕೇಳಿದ. "ಅಮ್ಮ, ನಾನೂ ಬರಲಾ?" ಬೇಡವೆಂದೆ. ಅವನು ಬಂದರೆ ಕಾರಿನಲ್ಲಿ ಬಾಗಿಲಿಗೆ ಇಳಿಸಿ ಬಾಗಿಲಿನಿಂದ ಎತ್ತಿಕೊಂಡು ಬರುತ್ತಾನೆ. ಅದು ಪಾರ್ಸೆಲ್ ಹೋದಂತೆ.

ಹೊರಟದ್ದು ಗೆಳತಿಯರನ್ನು ನೋಡಲು. 1984ರಿಂದ 86ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಇತಿಹಾಸ ಎಂ.ಎ. ಮಾಡುವಾಗ ಹಾಸ್ಟೆಲಿನಲ್ಲಿ ನಾವು ನಾಲ್ವರು ಜೊತೆಗಿದ್ದೆವು. ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಊರಿತ್ತು. ನಾನು ಸಾಗರ. ಉಳಿದವರು ಕೋಲಾರ, ಗದಗ, ಕುಂದಾಪುರ. ಕೋಲಾರ ಲೆಕ್ಕದಲ್ಲಿ ಗಟ್ಟಿ, ಗದಗ ಶಾಸನಶಾಸ್ತ್ರದ ಪತ್ರಿಕೆಯಲ್ಲಿ ತರಗತಿಗೇ ಮೊದಲು. ಕುಂದಾಪುರ ರಾತ್ರಿ ಮಲಗುವ ಮುಂಚೆ ಕಾರಿಡಾರಿನ ಉದ್ದಕ್ಕೂ ನಡೆದು ಎಲ್ಲರ ಬಾಗಿಲು ತಳ್ಳಿ ನೋಡಿ, "ಚಿಲಕ ಹಾಕಿಕೊಂಡೆಯಾ?" ಎಂದು ಕೇಳದೆ ಮಲಗಿದವಳಲ್ಲ. ಮೂವರೂ ಈಗ ಬೆಂಗಳೂರಿನಲ್ಲಿದ್ದಾರೆ. ಒಂದೇ ಊರಿನಲ್ಲಿದ್ದರೂ ಅವರು ಪರಸ್ಪರ ಕಂಡು ಆರು ವರ್ಷವಾಗಿತ್ತೆಂದು ಗೊತ್ತಾದದ್ದು ನಾನು ಹೊರಟ ಮೇಲೆ.

ನಾನು ಬರುತ್ತೇನೆ ಎಂದೊಡನೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೋಲಾರ ವ್ಯವಸ್ಥೆಗೆ ಇಳಿದಳು. ಎಲ್ಲರಿಗೂ ನಡುವಿನ ಜಾಗದಲ್ಲಿ ಒಂದು ಹೋಟೆಲ್, ಮಧ್ಯಾಹ್ನ ಒಂದು ಗಂಟೆಗೆ ಊಟ, ಮೂರಕ್ಕೆ ಎಲ್ಲರೂ ವಾಪಸ್. ಇಂಥ ಕೂಟಗಳನ್ನು ನಾನು ಕಂಡಿದ್ದೇನೆ. ನಾಲ್ಕು ಜನ ಸೇರಿದರೆ ನಲವತ್ತು ಫೋಟೊ ಹುಟ್ಟುತ್ತವೆ, ನೆಟ್ಟಗೆ ಒಂದು ಮಾತು ಹುಟ್ಟುವುದಿಲ್ಲ. "ಯಾರೂ ಎಲ್ಲಿಗೂ ಬರಬೇಡಿ. ದಿನಕ್ಕೊಬ್ಬರಂತೆ ನಾನೇ ನಿಮ್ಮ ಮನೆಗೇ ಬರುತ್ತೇನೆ" ಎಂದು ಬರೆದೆ. "ನಿನಗೆ ಈಗಿನ ಬೆಂಗಳೂರು ಗೊತ್ತಿಲ್ಲ" ಎಂದು ಮೂವರೂ ಒಂದೇ ಉತ್ತರ ಕೊಟ್ಟರು. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳಿಗೆ ಆ ಮಾತು ಚುಚ್ಚಿತು. ಸಂಜೆಯೇ ಮೆಟ್ರೊ ನಕ್ಷೆಯನ್ನು ಮುದ್ರಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದೆ.

ನಕ್ಷೆ ನನ್ನ ಪರವಾಗಿತ್ತು. ಕೋಲಾರ ಮಲ್ಲೇಶ್ವರದಲ್ಲಿ, ಅಂದರೆ ಹಸಿರು ಮಾರ್ಗ. ಗದಗ ಬೇಗೂರಿನಲ್ಲಿ, ಅಂದರೆ ಹಳದಿ. ಕುಂದಾಪುರ ಕಾಡುಗೋಡಿಯಲ್ಲಿ, ಅಂದರೆ ನೇರಳೆಯ ತುದಿ. ಮೂರು ದಿನ, ಮೂರು ಬಣ್ಣ. ಯಾರ ಮನೆಗೆ ಯಾವ ಹೊತ್ತಿಗೆ ಹೋಗಬೇಕೋ ಅದಕ್ಕೆ ಮೊದಲು ದಾರಿಯಲ್ಲಿ ಸಿಕ್ಕುವ ಒಂದೆರಡು ಜಾಗ ನೋಡುವುದು. ಉಳಿಯುವುದು ಮಾತ್ರ ಯಾರ ಮನೆಯಲ್ಲೂ ಅಲ್ಲ, ಮೆಜೆಸ್ಟಿಕ್ ಹತ್ತಿರದ ಲಾಡ್ಜಿನಲ್ಲಿ. ಉಳಿಯಲು ಹೋದರೆ ಹಾಸಿಗೆ, ಬಿಸಿನೀರು, ಬೆಳಗಿನ ತಿಂಡಿ ಎಂದು ಅವರಿಗೆ ನಾನೊಂದು ಕೆಲಸವಾಗುತ್ತೇನೆ.

ಬಸ್ಸು ಕೆಂಪು ವೇಗದೂತ. ಕಂಡಕ್ಟರ್ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಬೀದಿಯ ಹೆಂಗಸರೆಲ್ಲ ಧರ್ಮಸ್ಥಳ, ಹೊರನಾಡು ಮುಗಿಸಿದ್ದರು, ನಾನೊಬ್ಬಳೇ ಬಾಕಿ. ಕೆಲಸವಿಲ್ಲದೆ ಬಸ್ ಹತ್ತುವುದು ಟೀಚರುಗಳಿಗೆ ಒಗ್ಗುವುದಿಲ್ಲ. ಒಂದು ಎಚ್ಚರಿಕೆ: ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಹಾಗಾಗಿ ಕುಳಿತೇ ನಿದ್ದೆ ಮಾಡಬೇಕು. ಕಡೂರು, ಅರಸೀಕೆರೆ, ತಿಪಟೂರು ಎಂದು ಒಂದೊಂದು ನಿಲ್ದಾಣದ ದೀಪಕ್ಕೂ ಕಣ್ಣು ತೆರೆದು, ನೆಲಮಂಗಲದ ಹೊತ್ತಿಗೆ ನಿದ್ದೆಯ ಆಸೆಯನ್ನೇ ಬಿಟ್ಟೆ.

ಲಾಡ್ಜಿನ ಹುಡುಗ ಪುಸ್ತಕದಲ್ಲಿ ಹೆಸರು ಬರೆದುಕೊಂಡು ನನ್ನ ಹಿಂದೆ ಬಾಗಿಲ ಕಡೆ ನೋಡಿದ. "ಯಜಮಾನರು ಹಿಂದಿನಿಂದ ಬರುತ್ತಿದ್ದಾರಾ ಅಮ್ಮ?"

"ಇಲ್ಲಪ್ಪ, ಅವರು ಮುಂದೆಯೇ ಹೋಗಿಬಿಟ್ಟರು" ಎಂದೆ.

ಹುಡುಗ ಮೆಟ್ಟಿಲ ಕಡೆ ತಿರುಗಿ ನೋಡಿದ, ಪಾಪ. ಬಿಡಿಸಿ ಹೇಳಿದ ಮೇಲೆ ಮೂರನೇ ಮಹಡಿಯ ಕೋಣೆ ಬದಲಿಸಿ ಮೊದಲ ಮಹಡಿಯದನ್ನು ಕೊಟ್ಟ.

ಮೊದಲ ದಿನ ಸುಲಭದ್ದು. ಮೆಟ್ರೊ ತಪಾಸಣೆಯ ಯಂತ್ರದೊಳಗೆ ಹೋದ ಚೀಲ ಅಲ್ಲೇ ನಿಂತಿತು. ಮಹಿಳಾ ಸಿಬ್ಬಂದಿ ಪರದೆಯಲ್ಲಿ ಕಂಡ ಮೂರು ಬಾಟಲಿಗಳನ್ನು ತೋರಿಸಿ ಇದೇನೆಂದು ಕೇಳಿದರು. ಒಂದನ್ನು ಹೊರತೆಗೆದು ಮುಚ್ಚಳ ಸಡಿಲಿಸಿದೆ. ಮಿಡಿಯ ಘಮ ಎದ್ದಿತು. "ಹೋಗಿ ಅಮ್ಮ" ಎನ್ನುವ ಮೊದಲು ಅವರು ಇನ್ನೊಂದು ಉಸಿರು ಎಳೆದುಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಆ ಮುಚ್ಚಳವನ್ನು ನಾನು ಸರಿಯಾಗಿ ತಿರುಗಿಸಲಿಲ್ಲ ಎಂಬುದು ಮಾತ್ರ ಮರುದಿನದವರೆಗೆ ತಿಳಿಯಲಿಲ್ಲ.

ಮೆಜೆಸ್ಟಿಕ್‌ನ ಮುಂದಿನ ನಿಲ್ದಾಣವೇ ಸಂಪಿಗೆ ರಸ್ತೆ. ಅಲ್ಲಿಂದ ನಡೆದು ಕಾಡು ಮಲ್ಲೇಶ್ವರನ ಗುಡಿ. ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಈ ದೇವರಿಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟ ಶಾಸನವಿದೆ. ಎದುರಿಗಿನ ನಂದಿ ತೀರ್ಥ ನಾವು ಓದುವಾಗ ಇರಲೇ ಇಲ್ಲ, ಅಂದರೆ ಮಣ್ಣಿನೊಳಗಿತ್ತು. 1997ರಲ್ಲಿ ಅಗೆದಾಗ ಸಿಕ್ಕಿದ್ದು. ನಂದಿಯ ಬಾಯಿಂದ ಬೀಳುವ ನೀರು ಕೆಳಗಿನ ಲಿಂಗದ ಮೇಲೆ ಹರಿದು ಕಲ್ಯಾಣಿ ಸೇರುತ್ತದೆ. ಮೆಟ್ಟಿಲ ಮೇಲೆ ಕುಳಿತು ಹತ್ತು ನಿಮಿಷ ಆ ಸದ್ದು ಕೇಳಿದೆ. ಮೇಲೆ ರಸ್ತೆಯಲ್ಲಿ ಹಾರ್ನು, ಕೆಳಗೆ ನೀರು.

ಕೋಲಾರನ ಮನೆ ಕೆಂಪು ಗಾರೆ ನೆಲದ್ದು, ಅವಳ ಮಾವನ ಕಾಲದ್ದು. 1898ರ ಪ್ಲೇಗಿನ ಭಯಕ್ಕೆ ಪೇಟೆ ಬಿಟ್ಟವರಿಗಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು ಎಂದು ಪಾಠ ಮಾಡಿದ್ದೆ. ಆ ಬಡಾವಣೆಯ ನೆಲ ಎಷ್ಟು ತಣ್ಣಗಿರುತ್ತದೆ ಎಂದು ಅಂದು ಬರಿಗಾಲಿಗೆ ತಿಳಿಯಿತು. ಮುಂದಿನ ವರ್ಷ ಬಿಲ್ಡರ್ ಈ ಮನೆಯನ್ನು ಕೆಡವುತ್ತಾರೆ, ನಾಲ್ಕು ಮಹಡಿ ಏಳುತ್ತದೆ, ಅವಳ ಪಾಲಿಗೆ ಎರಡು ಮನೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದವಳು ಕರಾರು ಪತ್ರದ ಒಂದೊಂದು ಷರತ್ತನ್ನೂ ನನಗೆ ಓದಿ ಹೇಳಿದಳು. ಎರಡು ಗಂಟೆ ಅದೇ ಆಯಿತು. ಹೊರಡುವಾಗ, "ಅವರೆಕಾಯಿ ಕಾಲದಲ್ಲಿ ಬಂದಿದ್ದರೆ ಹಿತಕಿದ ಬೇಳೆ ಸಾರು ಮಾಡುತ್ತಿದ್ದೆ" ಎಂದು ನಾಲ್ಕನೇ ಸಲ ಹೇಳಿ, ಬಾಗಿಲ ಹೊಸ್ತಿಲನ್ನು ಕಾಲಿನಿಂದ ಸವರಿದಳು. "ಈ ಮರ ತೇಗದ್ದು. ಇದನ್ನು ಅವರು ಕೇಳಿದ್ದಾರೆ, ಕೊಡುವುದಿಲ್ಲ ಎಂದಿದ್ದೇನೆ." ಷರತ್ತುಗಳಲ್ಲಿ ಇದೊಂದನ್ನು ಅವಳು ಪತ್ರ ನೋಡದೆ ಹೇಳಿದ್ದಳು.

ಎರಡನೆಯ ದಿನ ಗುರುವಾರ. ಬೆಳಗ್ಗೆ ಲಾಲ್‌ಬಾಗ್. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಆಗಷ್ಟೇ ಮುಗಿದು, ಗಾಜಿನಮನೆಯ ಸುತ್ತ ಬಿದಿರ ಚೌಕಟ್ಟು ಬಿಚ್ಚುತ್ತಿದ್ದರು. ಹೂವು ತಪ್ಪಿತೆಂದು ನನಗೇನೂ ಬೇಸರವಾಗಲಿಲ್ಲ. ನಾನು ನೋಡಲು ಹೋದದ್ದು ಬಂಡೆಯನ್ನು. ಮುನ್ನೂರು ಕೋಟಿ ವರ್ಷದ ಬಂಡೆ ಎಂದು ಭೂವಿಜ್ಞಾನದವರ ಫಲಕ ಹೇಳುತ್ತದೆ. ಎಂಟನೇ ತರಗತಿಗೆ ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಸೊನ್ನೆಗಳ ಸಮೇತ ಬರೆಯುತ್ತಿದ್ದೆ. ಮಕ್ಕಳು ಸೊನ್ನೆ ಎಣಿಸಿ ನಗುತ್ತಿದ್ದವು. ಅದರ ಮೇಲೆ ಈಗ ಒಬ್ಬಾತ ಪ್ರಾಣಾಯಾಮ ಮಾಡುತ್ತಿದ್ದ, ಇಬ್ಬರು ಹುಡುಗಿಯರು ಚುರುಮುರಿ ತಿನ್ನುತ್ತಿದ್ದರು. ನಾನೂ ಚಪ್ಪಲಿ ಕಳಚಿ ಹತ್ತಿದೆ. ಮಂಡಿ ಗೊಣಗಿತು.

ತುದಿಯಲ್ಲಿ ಕೆಂಪೇಗೌಡರ ಗೋಪುರ. ಊರು ಇಷ್ಟರವರೆಗೆ ಬೆಳೆಯಲಿ ಎಂದು ನಾಲ್ಕು ದಿಕ್ಕಿಗೆ ನಿಲ್ಲಿಸಿದರೆಂದು ಹೇಳುವ ನಾಲ್ಕರಲ್ಲಿ ಒಂದು. ಹಲಸೂರಿನದು ಇನ್ನೊಂದು. ಗೋಪುರಕ್ಕೆ ಬೆನ್ನು ಕೊಟ್ಟು ನಿಂತು ದಕ್ಷಿಣಕ್ಕೆ ನೋಡಿದೆ. ನನ್ನ ಗದಗ ಎಷ್ಟು ಆಚೆಗಿದ್ದಾಳೋ ಅಂದಾಜಿಗೆ ಸಿಗಲಿಲ್ಲ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದೆ. ಗಣೇಶನ ಹಬ್ಬಕ್ಕೆ ವಾರವೂ ಇರಲಿಲ್ಲ. ಗರಿಕೆ, ಬಾಳೆಕಂದು, ಗೌರಿ ಬಾಗಿನದ ಮೊರ ರಸ್ತೆಗೆ ಬಂದಿದ್ದವು. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಕಾದದ್ದು ನಲವತ್ತು ನಿಮಿಷ, ದೋಸೆ ತಿಂದದ್ದು ಎಂಟು ನಿಮಿಷ. ಒಂಟಿಯಾಗಿ ಹೋದವರಿಗೆ ಒಂದು ಲಾಭವಿದೆ: ಮೂವರ ಮೇಜಿನಲ್ಲಿ ಉಳಿದ ನಾಲ್ಕನೇ ಕುರ್ಚಿ ಬೇಗ ಸಿಗುತ್ತದೆ. ತೋಳುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವ ಬಡಿಸುವವರನ್ನು ನೋಡುತ್ತ, 1985ರಲ್ಲಿ ನಾವು ನಾಲ್ವರು ಎರಡು ದೋಸೆ ಹಂಚಿ ತಿಂದದ್ದು ನೆನಪಾಯಿತು. ಯಾರ ಪಾಲಿಗೆ ಪಲ್ಯದ ನಡುಭಾಗ ಬಂದಿತ್ತು ಎಂಬ ಜಗಳ ಬಿಟಿಎಸ್ ಸಿಟಿ ಬಸ್ಸಿನಲ್ಲೂ ಮುಂದುವರಿದಿತ್ತು.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮತ್ತೆ ಹಸಿರು ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಿಸಿದೆ. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಗಿ ಎರಡು ವಾರವೂ ಕಳೆದಿರಲಿಲ್ಲ. ರೈಲುಗಳು ಮೂರೇ ಇದ್ದುದರಿಂದ ಇಪ್ಪತ್ತೈದು ನಿಮಿಷಕ್ಕೊಂದು. ಯಾರೂ ಗೊಣಗುತ್ತಿರಲಿಲ್ಲ, ಹೊಸ ಮದುಮಗಳನ್ನು ನೋಡಲು ಬಂದ ನೆಂಟರ ಹಾಗೆ ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಕೆಳಗೆ ಸಿಲ್ಕ್ ಬೋರ್ಡ್ ವೃತ್ತದಲ್ಲಿ ವಾಹನಗಳು ಇರುವೆ ಸಾಲಿನಷ್ಟೂ ಸರಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗ ಅದನ್ನು ನೋಡಿ ನಕ್ಕ ನಗು, ನಿನ್ನೆಯವರೆಗೆ ಅದರೊಳಗಿದ್ದವನದು.

ಹೊಂಗಸಂದ್ರದಲ್ಲಿ ಇಳಿದು ಆಟೊ ಹಿಡಿದೆ. ಚಾಲಕ ಅಪಾರ್ಟ್‌ಮೆಂಟಿನ ಗೇಟಿಗೆ ಬಿಟ್ಟು ಹೋದ. ಅಲ್ಲಿ ಶುರುವಾಯಿತು ಪರೀಕ್ಷೆ.

ಕಾವಲಿನ ಯುವಕ ಕೈಯಲ್ಲಿ ಮೊಬೈಲ್ ಹಿಡಿದು, "ಯಾವ ಬ್ಲಾಕ್, ಎಷ್ಟನೇ ಫ್ಲಾಟ್, ಮಾಲೀಕರ ಹೆಸರೇನು?" ಎಂದು ಕೇಳಿದ. ಚೀಟಿಗಾಗಿ ಚೀಲಕ್ಕೆ ಕೈ ಹಾಕಿದೆ. ಬೆರಳಿಗೆ ಜಿಡ್ಡು ಹತ್ತಿತು. ಸಡಿಲ ಮುಚ್ಚಳದ ಬಾಟಲಿ ಇಡೀ ಬೆಳಗ್ಗೆ ಮೆಲ್ಲನೆ ಅತ್ತಿತ್ತು. ಚೀಟಿ ಕೆಂಪಗೆ, ಪಾರದರ್ಶಕವಾಗಿ, ಹಪ್ಪಳದಂತೆ ಹೊರಬಂತು. ಅದರ ಮೇಲೆ ಉಳಿದಿದ್ದದ್ದು 4 ಎಂಬ ಅಂಕಿ ಮತ್ತು ಒಂದು ಸಾಸಿವೆ. ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಹೆಸರು ಹೇಳಿದೆ, ಪಟ್ಟಿಯಲ್ಲಿಲ್ಲ. ಮನೆ ಮಗನ ಹೆಸರಿನಲ್ಲೋ ಸೊಸೆಯ ಹೆಸರಿನಲ್ಲೋ ಇರಬೇಕು, ಅವರ ಹೆಸರು ನನಗೆ ಬಾಯಿಗೆ ಬರಲೊಲ್ಲದು. ಮೂರು ಗೋಪುರ, ಒಂದೊಂದರಲ್ಲಿ ಹದಿನಾಲ್ಕು ಮಹಡಿ. ಹಿಂದೆ ಊಟ ತಲುಪಿಸುವ ಹುಡುಗರು ಬೈಕ್ ಗುರುಗುಟ್ಟಿಸುತ್ತಿದ್ದರು. ನಲವತ್ತು ವರ್ಷದ ಗೆಳತಿಯ ಬಗ್ಗೆ ನನಗೆ ಗೊತ್ತಿದ್ದ ಒಂದು ಸಂಗತಿಯೂ ಆ ಮೊಬೈಲಿನ ಖಾಲಿ ಜಾಗಗಳಿಗೆ ಹೊಂದುತ್ತಿರಲಿಲ್ಲ.

ಕೊನೆಗೆ ಸೋತು, "ನೋಡಪ್ಪ, ನಾವು ಅವಳನ್ನು ಗದಗ ಎಂದೇ ಕರೆಯುತ್ತಿದ್ದೆವು" ಎಂದೆ.

ಯುವಕ ತಲೆ ಎತ್ತಿದ. "ಗದಗಿನ ಅಮ್ಮನೇ? ರೊಟ್ಟಿ, ಶೇಂಗಾ ಚಟ್ನಿ ಕೊಡುವವರು? ಮೊದಲೇ ಹೇಳಬಾರದೇ! ನಮ್ಮದು ಯಲಬುರ್ಗಾ. ಸಿ ಬ್ಲಾಕ್, ನಾಲ್ಕನೇ ಮಹಡಿ, ಲಿಫ್ಟ್ ಬಿಟ್ಟು ಎಡಕ್ಕೆ." ನನ್ನ ಫೋಟೊವನ್ನೂ ತೆಗೆಯದೆ ಗೇಟು ಎತ್ತಿದ.

ಗದಗ ಮೊಮ್ಮಗನಿಗೆ ಸ್ನಾನ ಮಾಡಿಸುತ್ತಿದ್ದಳು, ಅದಕ್ಕೇ ಫೋನ್ ಎತ್ತಿರಲಿಲ್ಲ. ಒದ್ದೆ ಕೈಯಲ್ಲೇ ಹಿಡಿದುಕೊಂಡಳು. ನನ್ನ ಚೀಲದಿಂದ, ನನ್ನ ಸೆರಗಿನಿಂದ ಉಪ್ಪಿನಕಾಯಿ ವಾಸನೆ. "ಹಾಸ್ಟೆಲಿಗೆ ಬಂದ ಮೊದಲ ದಿನವೂ ನೀನು ಹೀಗೇ ನಾರುತ್ತಿದ್ದೆ" ಎಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಸೋರಿ ಅರ್ಧವಾದ ಬಾಟಲಿಯನ್ನೇ ಅವಳಿಗೆ ಕೊಟ್ಟೆ. ಅದರ ಅರ್ಧ ಅಲ್ಲೇ ಖರ್ಚಾಯಿತು.

ಸಂಜೆ ಐದಕ್ಕೆ, "ಬಾ, ನಿನಗೊಂದು ಕಲ್ಲು ತೋರಿಸುತ್ತೇನೆ" ಎಂದು ನಾನೇ ಅವಳನ್ನು ಹೊರಡಿಸಿದೆ. ಹನ್ನೊಂದು ವರ್ಷದಿಂದ ಬೇಗೂರಿನಲ್ಲಿರುವವಳಿಗೆ ಸಾಗರದಿಂದ ಬಂದವಳು ಬೇಗೂರು ತೋರಿಸುವುದು! ನಾಗೇಶ್ವರ ದೇವಾಲಯಕ್ಕೆ ಅವಳು ಸೋಮವಾರಗಳಲ್ಲಿ ದೀಪ ಹಚ್ಚಲು ಬರುತ್ತಾಳೆ. ಗಂಗರ ಕಾಲದ ಗುಡಿ ಎಂದೂ ಗೊತ್ತು. ಆವರಣದಲ್ಲಿರುವ ಆ ಶಾಸನದ ಮುಂದೆ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಕಾಳಗದಲ್ಲಿ ಮಡಿದ ಒಬ್ಬನನ್ನು ನೆನೆಯುವ ಕಲ್ಲು. ಊರಿನ ಹೆಸರು ಆಗಲೇ ಇತ್ತು ಎನ್ನುವುದಕ್ಕೆ ಇದೇ ಸಾಕ್ಷಿ. ಹಸಿದು ಬಂದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕತೆಯ ಅರಸ ಇದಕ್ಕಿಂತ ಸುಮಾರು ಮುನ್ನೂರು ವರ್ಷ ಈಚಿನವನು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳಿದ್ದು ಬೆಂದ ಕಾಳಿನ ಕತೆಯನ್ನೇ. ಮಕ್ಕಳಿಗೆ ಹಿಡಿಸುತ್ತಿತ್ತು. ತಪ್ಪೊಪ್ಪಿಗೆ ಎಂದುಕೊಳ್ಳಿ.

ಕಲ್ಲನ್ನು ನೇರ ನೋಡಿದರೆ ಏನೂ ಕಾಣುವುದಿಲ್ಲ, ಉಬ್ಬುತಗ್ಗು ಮಾತ್ರ. ಗದಗ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು, ದೀಪ ಹೊತ್ತಿಸಿ, ಕಲ್ಲಿನ ಅಂಚಿಗೆ ಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿದಳು. ತಗ್ಗುಗಳಲ್ಲಿ ನೆರಳು ತುಂಬಿತು. ಗೆರೆಗಳು ಎದ್ದವು. ಈಗಿನ ಅಕ್ಷರಗಳ ಮುತ್ತಜ್ಜಿಯರು, ತಲೆಕಟ್ಟು ಬೇರೆ, ಹೊಟ್ಟೆ ಬೇರೆ. ಮಂಡಿನೋವಿನವಳು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತೇಬಿಟ್ಟಳು. ತೋರುಬೆರಳು ಕಲ್ಲಿಗೆ ತಾಗದಂತೆ ಕೂದಲೆಳೆಯಷ್ಟು ದೂರದಲ್ಲಿ ಸಾಲಿನ ಉದ್ದಕ್ಕೂ ಸಾಗಿತು. ಒಂದು ಅಕ್ಷರ ಗ ಎಂದಳು. ನಾನು ಅಲ್ಲ ಎಂದೆ. "ನಿನಗೆ ಆ ಪತ್ರಿಕೆಯಲ್ಲಿ ಎಷ್ಟು ಬಂದಿತ್ತು ನೆನಪಿದೆಯಾ?" ಎಂದಳು. ನೆನಪಿತ್ತು, ನಲವತ್ತೊಂದು. ಸುಮ್ಮನಾದೆ. ಅರ್ಚಕರು ಬಂದು ನೋಡಿ ಹೋದರು. ಹೊತ್ತು ಮುಳುಗಿದ್ದು ನಮಗೆ ತಿಳಿಯಲಿಲ್ಲ, ಮೊಬೈಲ್ ಬ್ಯಾಟರಿ ಹೇಳಿತು.

ಏಳಲು ಅವಳಿಗೆ ನಾನು ಕೈ ಕೊಡಬೇಕಾಯಿತು. ಮನೆಯ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಗೇಟಿನಲ್ಲಿ ಯಲಬುರ್ಗಾದ ಹುಡುಗನನ್ನು ಕರೆದು, "ಈ ಊರಿನ ಹೆಸರು ಬರೆದಿರುವ ಕಲ್ಲು ಇಲ್ಲೇ ಇದೆ, ಗೊತ್ತಾ ನಿನಗೆ?" ಎಂದು ಶುರುಮಾಡಿದಳು. ಹಿಂದೆ ಕಾರುಗಳ ಸಾಲು ನಿಂತಿತು.

ಮೂರನೆಯ ದಿನ ಕೈಕೊಟ್ಟಿತು. ಬೆಳಗ್ಗೆ ಆರೂವರೆಗೆ ಕುಂದಾಪುರನ ಫೋನ್. ಮೊಮ್ಮಗಳಿಗೆ ಜ್ವರ, ಮಗಳಿಗೆ ರಜೆಯಿಲ್ಲ, ಅಳಿಯ ಊರಿನಲ್ಲಿಲ್ಲ. "ಮನೆಗೆ ಬರಬೇಡ ಮಾರಾಯ್ತಿ, ನಿನಗೂ ಅಂಟುತ್ತದೆ." ಆಯಿತೆಂದೆ. ಬೇಸರವಾಯಿತು ಎಂದು ಹೇಳಲಿಲ್ಲ.

ಇಡೀ ದಿನ ಖಾಲಿ. ನೇರಳೆ ಮಾರ್ಗಕ್ಕೆಂದು ಎತ್ತಿಟ್ಟ ದಿನ, ನೇರಳೆಯಲ್ಲೇ ಕಳೆಯೋಣವೆಂದು ಮೊದಲು ಪಶ್ಚಿಮಕ್ಕೆ ಜ್ಞಾನಭಾರತಿವರೆಗೆ ಹೋದೆ. ನಿಲ್ದಾಣದಿಂದ ಹೊರಬಂದು ಮರಗಳ ಕಡೆ ನೋಡಿ, ಒಳಗೆ ಹೋಗಲು ಮನಸ್ಸು ಬರದೆ, ಇನ್ನೊಂದು ಟೋಕನ್ ಕೊಂಡು ಹಿಂತಿರುಗಿದೆ. ಮೂವರಿಲ್ಲದೆ ಆ ಕಟ್ಟಡದಲ್ಲಿ ನನಗೇನು ಕೆಲಸ? ಆಮೇಲೆ ವಿಧಾನಸೌಧ ಹೊರಗಿನಿಂದ, ಎದುರಿನ ಅಠಾರ ಕಚೇರಿಯ ಕೆಂಪು ಕಂಬಸಾಲು, 1870ರ ಕಬ್ಬನ್ ಉದ್ಯಾನದ ಬಿದಿರ ಮೆಳೆಯ ಕೆಳಗೆ ಎರಡು ಗಂಟೆ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಸಂಜೆಗೊಂದು ಮನೆ ಕಾಯುತ್ತಿದೆ ಎಂದಿದ್ದಾಗ ನೋಡುವ ಕಣ್ಣೇ ಬೇರೆ. ಅಂದು ನಾನು ಬರೀ ಹೊತ್ತು ಕಳೆಯುವ ಮುದುಕಿಯಾಗಿದ್ದೆ. ನಾಲ್ಕು ಗಂಟೆಗೇ ಲಾಡ್ಜಿಗೆ ಬಂದು, ಎಣ್ಣೆ ಹಿಡಿದ ಸೀರೆ ಒಗೆದು ಕುರ್ಚಿಯ ಮೇಲೆ ಹರವಿ ಮಲಗಿದೆ.

ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ಲಾಡ್ಜಿನ ಹುಡುಗ. ಅವನ ಹಿಂದೆ ಕುಂದಾಪುರ. ಕೈಯಲ್ಲಿ ಹಾಟ್‌ಬಾಕ್ಸ್.

"ಮಗಳು ಬಂದಳು, ಮಗುವಿನ ಜ್ವರ ಇಳಿಯಿತು, ಹೊರಟೆ" ಎಂದಳು. ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಮೆಟ್ರೊದಲ್ಲೇ ಗಂಟೆಯ ಹಾದಿ. ಹೋಗಿ ಬರಲು ಎರಡು ಗಂಟೆ, ಕೂರಲು ಒಂದೂವರೆ. ನಾನು ಲೆಕ್ಕ ಹೇಳಿದೆ. "ಲೆಕ್ಕ ಕೋಲಾರ ನೋಡಿಕೊಳ್ಳುತ್ತಾಳೆ, ನೀನು ತಟ್ಟೆ ತೆಗೆ" ಎಂದಳು. ತಟ್ಟೆ ಎಲ್ಲಿಯದು? ಹಾಸಿಗೆಯ ಮೇಲೆ ಪತ್ರಿಕೆ ಹಾಸಿ, ಹಾಟ್‌ಬಾಕ್ಸಿನ ಮುಚ್ಚಳದಲ್ಲಿ ನೀರುದೋಸೆ, ಅವಳ ಪಾಲಿನ ಮೂರನೇ ಬಾಟಲಿಯಿಂದ ಒಂದೊಂದು ಮಿಡಿ. ತೊಡದೇವು ಅಷ್ಟರಲ್ಲಿ ಪುಡಿಪುಡಿಯಾಗಿತ್ತು, ಚಿಟಿಕೆಯಲ್ಲಿ ತಿಂದೆವು.

ಅವಳು ಕೋಣೆಯನ್ನು ಒಂದು ಸುತ್ತು ನೋಡಿದಳು. ಕುರ್ಚಿಯ ಮೇಲಿನ ಒದ್ದೆ ಸೀರೆ, ಕಿಟಕಿಯಲ್ಲಿ ಒಣಗುತ್ತಿದ್ದ ಖಾಲಿ ಚೀಲ, ಮಂಡಿಯ ಎಣ್ಣೆ. "ಮನೆಗೇ ಬರುತ್ತೇನೆ ಎಂದು ಎಲ್ಲರ ಮನೆ ಸುತ್ತುತ್ತಿದ್ದೀಯಲ್ಲ, ಇಷ್ಟು ವರ್ಷದಲ್ಲಿ ನಿನ್ನ ಮನೆಗೆ ಬಾ ಎಂದು ನಮ್ಮನ್ನು ಒಂದು ಸಲವಾದರೂ ಕರೆದಿದ್ದೀಯಾ?"

ಕರೆದಿರಲಿಲ್ಲ. ಮೊದಲು ಅತ್ತೆ ಇದ್ದರು, ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ನಮ್ಮ ಯಜಮಾನರ ಕಾಯಿಲೆ. ಹೇಳತೊಡಗಿದೆ. ಅವಳು ಮಿಡಿಯ ಓಟೆ ಚೀಪುತ್ತ ಕೇಳಿಸಿಕೊಂಡಳು. ಅವರ ಕೊನೆಯ ಎರಡು ವರ್ಷದ ವಿಷಯ ನಾನು ಯಾರಿಗೂ ಅಷ್ಟು ಉದ್ದ ಹೇಳಿದ್ದಿಲ್ಲ.

ಒಂಬತ್ತೂವರೆಗೆ ಮೆಟ್ರೊ ಮೆಟ್ಟಿಲವರೆಗೆ ಅವಳನ್ನು ಬಿಟ್ಟುಬಂದೆ. ಮಲಗುವ ಹೊತ್ತಿಗೆ ಮೊಬೈಲ್ ಮಿಣುಕತೊಡಗಿತು. ಅವಳ ಸಂದೇಶಗಳು, ಒಂದೊಂದು ನಿಲ್ದಾಣಕ್ಕೆ ಒಂದು. ಎಂ.ಜಿ. ರಸ್ತೆ. ಹಲಸೂರು. ಹಲಸೂರಿನ ಗೋಪುರಕ್ಕೆ ಕೆಂಪೇಗೌಡರ ಊರು ಮುಗಿಯಿತು ಎಂದು ಬರೆದೆ. ಅವಳು ಮುಂದೆ ಹೋಗುತ್ತಲೇ ಇದ್ದಳು. ಇಂದಿರಾನಗರ. ಬೈಯಪ್ಪನಹಳ್ಳಿ. ಕೆ.ಆರ್. ಪುರ. ಹೂಡಿ ಬಂದದ್ದು ನೆನಪಿದೆ, ಆಮೇಲೆ ನಿದ್ದೆ.

ಬೆಳಗ್ಗೆ ಊರಿನ ಬಸ್ಸಿಗೆ ಹೊರಡಲು ಎದ್ದು ನೋಡಿದರೆ ಕೊನೆಯದೊಂದು ಉಳಿದಿತ್ತು, ರಾತ್ರಿ ಹತ್ತು ಐವತ್ತಕ್ಕೆ ಬಂದದ್ದು. "ತಲುಪಿದೆ. ಚಿಲಕ ಹಾಕಿಕೊಂಡೆಯಾ?"

ತಿರುಗಿ ಬಾಗಿಲು ನೋಡಿದೆ. ಹಾಕಿರಲಿಲ್ಲ.